ಮರಳಿನ ಮೇಜಿನ ಮೇಲೆ ವಿರುಪಮ್ಮ

ಮುನ್ನೂರ ಹನ್ನೆರಡು ಸಿಪಾಯಿಗಳು ಹೊಳೆಮ್ಮನ ಪಡಸಾಲೆಯಲ್ಲಿ ಹಲಗೆಗಳ ಮೇಲೆ ಸಾಲುಗಟ್ಟಿ ನಿಂತಿದ್ದರು. ಒಬ್ಬೊಬ್ಬನೂ ಅರ್ಧ ಹೆಬ್ಬೆರಳಿನಷ್ಟು ಎತ್ತರ. ತಲೆಗೆ ತಟ್ಟೆಯಂಥ ಟೋಪಿ, ಮೈಗೆ ಒಣಹುಲ್ಲಿನ ಬಣ್ಣದ ಅಂಗಿ, ಕಾಲಿಗೆ ಕರಿ ಬೂಟು, ಹೆಗಲಿಗೆ ಪೊರಕೆ ಕಡ್ಡಿಯ ತುಂಡಿನಷ್ಟು ಬಂದೂಕು. ಎಲ್ಲ ಇತ್ತು. ಕಣ್ಣು ಮಾತ್ರ ಇರಲಿಲ್ಲ.

"ಏನಬೇ ಹೊಳೆಮ್ಮಾ, ಇಷ್ಟೂ ಮಂದೀನ ಕುರುಡ್ರನ್ನ ಮಾಡಿಟ್ಟೀಯಲ್ಲ. ಇವ್ರು ಜಪಾನಿನವ್ರನ್ನ ಹೆಂಗ ಹುಡುಕ್ತಾರ?" ಎಂದು ಬಾಗಿಲಲ್ಲಿ ನಿಂತ ಕೊಟ್ರಯ್ಯ ನಕ್ಕ. ಹೊರಗೆ ಅವನು ತಂದ ಎತ್ತಿನ ಗಾಡಿ ಕಾಯುತ್ತಿತ್ತು.

"ಕಣ್ಣು ಅಲ್ಲೇ ಕೊಡೋದು ಅಯ್ನೋರ. ನಿಲ್ಲೋ ಜಾಗದಾಗ ನಿಂತ ಮ್ಯಾಲೆ."

"ದೇವ್ರ ಮೂರ್ತಿಗೆ ಹಂಗ ಮಾಡ್ತಾರ, ಖರೆ. ಇವ್ಕೂ ಯಾಕ?"

"ಮುಖ ಅನ್ನೋದು ಇದ್ದಮ್ಯಾಲೆ ಮುಗೀತು. ನಮ್ಮತ್ತಿ ಮಣ್ಣಿನ ಗಿಳಿಗೂ ಹಂಗ ಮಾಡ್ತಿದ್ಲು. ಕಣ್ಣು ಬಿಟ್ಟಾಗ ಮೊದಲು ನೋಡಿದ್ದ ಜಾಗಾನ ಅದರ ಮನಿ. ಇಲ್ಲೇ ಕಣ್ಣು ಕೊಟ್ರ ಮುನ್ನೂರು ಮಂದಿಗೂ ನನ್ನ ಒಲಿ ಮನಿ ಆಗ್ತತಿ. ಗಂಜಿ ಯಾರು ಕಾಸ್ತಾರ?"

ಕೊಟ್ರಯ್ಯನಿಗೆ ನಗು ತಡೆಯಲಿಲ್ಲ. ಅವನು ಒಳ್ಳೆಯ ಮನುಷ್ಯನೇ. ಬಳ್ಳಾರಿಯಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದ್ದರಿಂದ ಶಿಬಿರದಲ್ಲಿ ಗುಮಾಸ್ತನೂ ಆಗಿದ್ದ, ದುಭಾಷಿಯೂ ಆಗಿದ್ದ. ದೊರೆಗಳ ಮುಂದೆ ಬೆನ್ನು ಬಾಗಿಸಿ, ಊರವರ ಮುಂದೆ ಎದೆ ಸೆಟೆಸಿ ನಡೆಯುವುದನ್ನು ಕಲಿತಿದ್ದ. ಆ ಕಾಲಕ್ಕೆ ಅದೂ ಒಂದು ವಿದ್ಯೆಯೇ.

ಯುದ್ಧ ಶುರುವಾಗಿ ಅದು ನಾಲ್ಕನೆಯ ಬೇಸಿಗೆ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯ ಮಗ್ಗುಲಲ್ಲಿದ್ದ ಹಳೆ ಬಂಗಲೆಗೆ ಮೇಜರ್ ಪ್ರೆಸ್ಕಾಟ್ ಎಂಬ ದೊರೆ ಬಂದು ಇಳಿದಿದ್ದ. ಮರುಭೂಮಿಯ ಯುದ್ಧದಲ್ಲಿ ಒಂದು ಕಾಲು ಊನವಾದ ಮೇಲೆ ಅವನಿಗೆ ಹೊಸ ಅಧಿಕಾರಿಗಳಿಗೆ ಪಾಠ ಹೇಳುವ ಕೆಲಸ ಕೊಟ್ಟಿದ್ದರು. ಅವನ ಪಾಠವೆಂದರೆ ಆಟ. ದೊಡ್ಡ ಮೇಜಿನ ಮೇಲೆ ಮರಳು ಸುರಿದು, ಗುಡ್ಡ ಕೊಳ್ಳ ಮಾಡಿ, ಗೊಂಬೆ ಸಿಪಾಯಿಗಳನ್ನು ಎರಡು ಪಕ್ಷ ಮಾಡಿ ನಿಲ್ಲಿಸಿ, ದಾಳ ಉರುಳಿಸಿ ಯುದ್ಧ ಆಡಿಸುತ್ತಿದ್ದ. ಅವನ ಪೆಟ್ಟಿಗೆಯಲ್ಲಿ ಸೀಸದ ಹಳೆ ಸಿಪಾಯಿಗಳಿದ್ದರು. ಕೆಂಪು ಕೋಟು, ಎತ್ತರದ ಟೋಪಿ, ನೂರು ವರ್ಷದ ಹಿಂದಿನ ಯಾವುದೋ ಯುದ್ಧದವರು. ಅವನ ಅಪ್ಪ ಬಣ್ಣ ಹಚ್ಚಿದ್ದಂತೆ. ಆದರೆ ಈಗಿನ ಪಾಠಕ್ಕೆ ಈಗಿನ ಸಿಪಾಯಿಗಳು ಬೇಕು, ಟ್ಯಾಂಕು ಬೇಕು. ಸೀಸವೆಲ್ಲ ಗುಂಡಿಗೇ ಹೋಗುತ್ತಿದ್ದ ಕಾಲ. ಮರದಲ್ಲಿ ಯಾರು ಮಾಡುತ್ತಾರೆ ಎಂದು ಕೇಳಿದಾಗ ಕೊಟ್ರಯ್ಯ ಹೊಳೆಮ್ಮನ ಹೆಸರು ಹೇಳಿದ್ದ.

ಗಂಡ ತೀರಿದ ಮೇಲೂ ಹೊಳೆಮ್ಮ ಗೊಂಬೆ ಕೆಲಸ ಬಿಟ್ಟಿರಲಿಲ್ಲ. ಕಂಪ್ಲಿಯ ಸಂತೆಗೂ ಹಂಪಿಯ ಬಜಾರಿಗೂ ಅವಳ ಆನೆ, ಗಿಳಿ, ಬೊಟ್ಟಿಟ್ಟ ಗೌರಿಗಳು ಹೋಗುತ್ತಿದ್ದವು. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಿಗೆ ಮರದ ಪುಡಿ ಕಲಸಿ ಮೆತ್ತಿ, ಸುಣ್ಣದ ಬಿಳುಪು ಕೊಟ್ಟು, ಮೇಲೆ ಬಣ್ಣ. ಸಿಪಾಯಿಗೂ ಅದೇ, ಗೌರಿಗೂ ಅದೇ. ಹದಿನೆಂಟು ಟ್ಯಾಂಕುಗಳಲ್ಲಿ ಮಾತ್ರ ಮೊದಲಿಗೆ ಎಡವಿದ್ದಳು. ಕಬ್ಬಿಣದ ಗಾಡಿ ಎಂದರೆ ಹೊಳೆಯಬೇಕೆಂದು ತವರದ ರೇಕು ಅರೆದು ಬಳಿದು, ಬೆಳ್ಳಿಯ ಕುಂಕುಮದ ಭರಣಿಯ ಹಾಗೆ ಥಳಥಳ ಮಾಡಿ ಕೊಟ್ಟಿದ್ದಳು. ಮೇಜರ್ ನಕ್ಕು ನಕ್ಕು ಕುರ್ಚಿಗೆ ಒರಗಿ, ಇದು ಕೆಸರಿನ ಬಣ್ಣ ಇರಬೇಕು, ದೂರದಿಂದ ಕಾಣಲೇಬಾರದು ಎಂದಿದ್ದ. ಆಗ ಅವಳು ಕರಡಿಕೊಳ್ಳಕ್ಕೆ ಹೋಗಿ ಗುಡ್ಡದ ಕೆಂಪುಕಲ್ಲು ತಂದು ಅರೆದು ಹಚ್ಚಿದಳು. ಬೂಟಿಗೆ ಬೇಕಾದ ಕರಿಯೂ ಅಲ್ಲಿಂದಲೇ ಬಂತು.

ಕರಡಿಕೊಳ್ಳದಲ್ಲಿ ಅವಳ ಮಗಳು ವಿರುಪಮ್ಮ ಇದ್ದಳು. ಪೆಟ್ರೋಲು ಸಿಗದೆ ಬಸ್ಸು ಲಾರಿಗಳೆಲ್ಲ ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ದಿನಗಳವು. ಇದ್ದಿಲು ಸುಡುವವರಿಗೆ ಎಲ್ಲಿಲ್ಲದ ಬೇಡಿಕೆ. ಅಳಿಯ ಗಾಳೆಪ್ಪ ಆರು ಸಂಸಾರಗಳ ಜೊತೆ ಅಲ್ಲಿ ಏಳು ಗುಡಿಸಲು ಹಾಕಿಕೊಂಡು ವರ್ಷವೂ ಆಗಿರಲಿಲ್ಲ. ಶನಿವಾರ ಹೊಳೆಮ್ಮ ಹೋದಾಗ ವಿರುಪಮ್ಮ ಎಂಟು ತಿಂಗಳ ಕೂಸನ್ನು ಕಂಕುಳಲ್ಲಿಟ್ಟುಕೊಂಡು, "ನಾಳಿ ದೊಡ್ಡ ಭಟ್ಟಿಗೆ ಬೆಂಕಿ ಹಾಕ್ತೀವಿ. ಆರು ದಿನ ಕದಲಂಗಿಲ್ಲ. ಬ್ಯಾಸ್ರಾದ್ರೂ ಇಲ್ಲೇ ಬಿದ್ದಿರಬೇಕು," ಎಂದಿದ್ದಳು.

ಇವತ್ತು ಬುಧವಾರ.

ಬಂಗಲೆಯ ದೊಡ್ಡ ಕೋಣೆಯಲ್ಲಿ ಮರಳಿನ ಮೇಜು ಎರಡು ಮಂಚದಷ್ಟು ಅಗಲವಿತ್ತು. ಹೊಳೆಮ್ಮ ಬುಟ್ಟಿ ಇಳಿಸಿ ನೋಡಿದವಳೇ, "ಅಯ್ಯ ನಮ್ಮವ್ವ!" ಎಂದಳು. ಎದುರಿಗೆ ಸಂಡೂರಿನ ಗುಡ್ಡಗಳೇ ಕೂತಿದ್ದವು. ಎರಡು ಭುಜದ ಗುಡ್ಡ, ಅದರ ಬಗಲಿಗೆ ಕೊಳ್ಳ, ಕೊಳ್ಳದಿಂದ ಇಳಿಯುವ ಹಳ್ಳಕ್ಕೆ ನೀಲಿ ದಾರ. ಮಗಳ ಮನೆಗೆ ಹೋಗುವ ದಾರಿಯನ್ನು ಬೆರಳಲ್ಲಿ ಗಾಳಿಯಲ್ಲೇ ಎಳೆದು ನೋಡಿ ಖುಷಿಪಟ್ಟಳು. ಗೊಂಬೆ ಮಾಡುವವರಿಗೆ ಇನ್ನೊಬ್ಬರ ಒಳ್ಳೆ ಕೈಗೆಲಸ ಕಂಡರೆ ಆಗುವ ಖುಷಿ ಅದು.

ಹಡಗಿಳಿದು ತಿಂಗಳೂ ಆಗಿರದ ಆರು ಮಂದಿ ಎಳೆಯ ಅಧಿಕಾರಿಗಳು ಸಿಪಾಯಿಗಳನ್ನು ನಿಲ್ಲಿಸುತ್ತ ಹೋದರು. ತಳಕ್ಕೆ ನೀಲಿ ಬಳಿದವರು ತಮ್ಮವರು, ಕೆಂಪು ಬಳಿದವರು ವೈರಿಗಳು. ಹೊಳೆಮ್ಮ ಅಳಿಲ ಬಾಲದ ಮೂರೇ ಕೂದಲಿನ ಕುಂಚ ಹಿಡಿದು, ಮೇಜಿನ ಸುತ್ತ ಬಗ್ಗಿ ಬಗ್ಗಿ, ನಿಂತವರಿಗೆ ನಿಂತಲ್ಲೇ ಕಣ್ಣು ಕೊಟ್ಟಳು. ಉಸಿರು ಬಿಗಿಹಿಡಿದು ಎರಡು ಚುಕ್ಕೆ, ಉಸಿರು ಬಿಟ್ಟು ಮುಂದಿನವನು. ಮೇಜರ್ ತನ್ನ ಕೋಲಿನ ಮೇಲೆ ಗದ್ದ ಊರಿ ನೋಡುತ್ತ ನಿಂತಿದ್ದ. ಟ್ಯಾಂಕಿನ ಹತ್ತಿರ ಬಂದು ಅವಳು ಕುಂಚ ಎತ್ತಿಕೊಂಡೇ, "ಇದಕ್ಕ ಕಣ್ಣು ಎಲ್ಲಿ?" ಎಂದು ಕೇಳಿದಳು. ಕೊಟ್ರಯ್ಯ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಮೇಜರ್ ಮುಂಭಾಗದ ಸಣ್ಣ ಸೀಳನ್ನು ತೋರಿಸಿದ. "ಒಕ್ಕಣ್ಣ, ಪಾಪ," ಎಂದು ಅವಳು ಅಲ್ಲೊಂದು ಚುಕ್ಕೆ ಇಟ್ಟಳು.

ಒಬ್ಬ ಕೆಂಗೂದಲಿನ ಲೆಫ್ಟಿನೆಂಟ್ ನಿಲ್ಲಿಸಿದ ಗೊಂಬೆಯೊಂದನ್ನು ಎತ್ತಿ ಪಕ್ಕಕ್ಕಿಡಲು ಹೋದ. ಮೇಜರನ ಕೋಲು ಅವನ ಮಣಿಕಟ್ಟಿಗೆ ಬಿತ್ತು.

"ಅದು ದೊರೀದು ಕಡಕ್ ಕಾನೂನು," ಎಂದು ಕೊಟ್ರಯ್ಯ ಅವಳ ಕಿವಿಯಲ್ಲಿ ಹೇಳಿದ. "ಮೇಜಿನ ಮ್ಯಾಲೆ ಒಮ್ಮಿ ನಿಂತದ್ದು ಅಂದ್ರ ನೆಲದ ಮ್ಯಾಲೆ ಖರೇನ ನಿಂತಂಗ. ಪಂಚಾಯ್ತಿ ಆಗದ ಯಾರೂ ಕೈಲೆ ತೆಗಿಯಂಗಿಲ್ಲ. ದೊರೀನೂ ತೆಗಿಯಂಗಿಲ್ಲ."

"ಹಿಂಗಾದ್ರ ಚಲೋ ಆಟಾನ," ಎಂದಳು ಹೊಳೆಮ್ಮ.

ಹನ್ನೆರಡಕ್ಕೆ ಆಟ ಶುರುವಾಯಿತು. ಮುರಿದದ್ದನ್ನು ಅಂಟಿಸಲು ಅವಳನ್ನು ಗೋಡೆಯ ಬದಿ ಕೂಡಿಸಿದ್ದರು. ಅವಳಿಗೆ ಮಾತು ತಿಳಿಯದಿದ್ದರೂ ಕೈಗಳು ತಿಳಿಯುತ್ತಿದ್ದವು. ನೀಲಿಯವರು ಕೆಳಗೆ ಬಯಲಿನಲ್ಲಿ ಫಿರಂಗಿ ಹೂಡಿದರು. ಕೆಂಪಿನವರು ಕೊಳ್ಳದೊಳಗೆ ಅಡಗಿ ಕೂತಿದ್ದರು. ದಾಳ ಉರುಳಿತು. ಒಬ್ಬ ತಂತಿಯ ಬಳೆಯನ್ನು ಕೊಳ್ಳದ ಮೇಲೆ ಇಟ್ಟ. ಬಳೆಯೊಳಗೆ ಸಿಕ್ಕವರೆಲ್ಲ ಸತ್ತಂತೆ. ಒಬ್ಬೊಬ್ಬನನ್ನೇ ಅಂಗಾತ ಮಲಗಿಸಿದರು. ಮತ್ತೆ ದಾಳ, ಮತ್ತೆ ಬಳೆ. ಒಂದೂಕಾಲರ ಹೊತ್ತಿಗೆ ಕೊಳ್ಳದಲ್ಲಿ ಒಬ್ಬನೂ ನಿಂತಿರಲಿಲ್ಲ. ಬೆಳಗ್ಗೆ ಅವಳೇ ಕೊಟ್ಟ ಕಣ್ಣುಗಳು ಮರಳಿನಲ್ಲಿ ಅಡ್ಡಡ್ಡ ಬಿದ್ದು ಮಾಡಿನ ಕಡೆ ನೋಡುತ್ತಿದ್ದವು.

"ಪಾಪ, ಎಲ್ಲಾ ಮುಗಿಸಿಬಿಟ್ರು," ಎಂದಳು ಹೊಳೆಮ್ಮ.

"ಇದೇನು ನೋಡ್ತಿ, ಮಧ್ಯಾಹ್ನ ಕೇಳು!" ಕೊಟ್ರಯ್ಯ ಹೆಮ್ಮೆಯಿಂದ ಹೇಳಿದ. "ಮೂರು ಗಂಟಿಗೆ ಇದೇ ಜಾಗದ ಮ್ಯಾಲೆ ಖರೇ ಫಿರಂಗಿ. ಬಳ್ಳಾರಿಯಿಂದ ಎಂಟು ಬಂದು ನಿಂತಾವ. ಇಲ್ಲಿ ಆಡಿದ್ದನ್ನ ಅಲ್ಲಿ ಹೊಡದು ತೋರಿಸ್ತಾರ. ಊರಾಗ ಕಿಟಕಿ ಗಡಗಡ ಅಂತಾವ."

"ಇದೇ ಜಾಗ ಅಂದ್ರ?"

"ಇದೇ ಕೊಳ್ಳ. ಕರಡಿಕೊಳ್ಳ."

ಹೊಳೆಮ್ಮನ ಕೈಯಿಂದ ಕುಂಚ ಜಾರಿ ಮಡಿಲಿಗೆ ಬಿತ್ತು.

"ಅಯ್ನೋರ, ಅಲ್ಲಿ ನನ್ನ ಮಗಳು ಅದಾಳ."

"ಎಲ್ಲಿ?"

"ಆ ಕೊಳ್ಳದಾಗ. ಏಳು ಗುಡಿಸಲ ಅದಾವ. ಹತ್ತೊಂಬತ್ತು ಮಂದಿ ಅದಾರ. ನನ್ನ ಮಮ್ಮಗ ಐತಿ."

ಕೊಟ್ರಯ್ಯನ ಮುಖದ ಹೆಮ್ಮೆ ಒಮ್ಮೆಲೆ ಆರಿತು. "ಅಲ್ಲಿ ಯಾವ ಊರೂ ಇಲ್ಲ. ನಕ್ಷೆದಾಗ ಇಲ್ಲ. ಒಂಬತ್ತು ಊರಿನ ಪಟ್ಟಿ ಕೊಟ್ಟಿದ್ರು, ಒಂಬತ್ತಕ್ಕೂ ತಳವಾರ ಎರ್ರಿಯಪ್ಪನ್ನ ಕಳಿಸಿ ಡಂಗುರ ಹೊಡಿಸೀನಿ."

"ಕರಡಿಕೊಳ್ಳಕ್ಕ ಹೊಡಿಸೀರೇನು?"

"ಪಟ್ಟಿದಾಗ ಇಲ್ಲ ಅಂದೆನಲ್ಲ!"

"ಹಂಗಾದ್ರ ದೊರೀಗೆ ಹೇಳ್ರಿ. ಈಗ ಹೇಳ್ರಿ."

ಅವನು ಮೆಲ್ಲನೆ ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತ. "ಹೊಳೆಮ್ಮ, ಸ್ವಲ್ಪ ತಡಿ. ಸುತ್ತಲಿನ ನೆಲಾ ಎಲ್ಲಾ ನೋಡಿ ಬಂದೀನಿ, ನರಪಿಳ್ಳಿ ಇಲ್ಲ ಅಂತ ಬರದು ಸೈ ಮಾಡಿಕೊಟ್ಟೀನಿ. ನಾ ಗುಡ್ಡ ಹತ್ತಿಲ್ಲ. ಈಗ ಅಲ್ಲಿ ಮಂದಿ ಅದಾರ ಅಂದ್ರ ನನ್ನ ಗತಿ ಏನು? ಮುಂಜಾನಿಂದ ಲಾರಿ, ಮಂದಿ ಓಡಾಡೋದು ನೋಡಿ ಅವ್ರ ಇಷ್ಟೊತ್ತಿಗೆ ಎದ್ದು ಹೋಗಿರ್ತಾರ. ಯಾರು ಕುಂದ್ರತಾರ ಅಲ್ಲಿ?"

"ಭಟ್ಟಿ ಹಚ್ಚಿದವ್ರು ಕುಂದ್ರತಾರ," ಎಂದಳು ಹೊಳೆಮ್ಮ. "ಮಣ್ಣು ಬಿರುಕು ಬಿಟ್ರ ಮುಚ್ಚಾಕ ಮಂದಿ ಬೇಕು. ಬಿಟ್ಟು ಹೋದ್ರ ಒಂದು ತಾಸಿನಾಗ ತಿಂಗಳ ದುಡಿಮಿ ಬೂದಿ. ಆನಿ ಬಂದ್ರೂ ಅವ್ರು ಏಳಂಗಿಲ್ಲ. ಹೇಳ್ರಿ ದೊರೀಗೆ!"

ಕೊಟ್ರಯ್ಯ ಎದ್ದ. ಹೊಳೆಮ್ಮನೂ ಎದ್ದು ಮೇಜರನ ಮುಂದೆ ಹೋಗಿ ಕೈಮುಗಿದಳು. "ದೊರಿ, ಅಲ್ಲಿ ಮಂದಿ ಅದಾರ್ರಿ. ನನ್ನ ಮಗಳು, ಕೂಸು. ಫಿರಂಗಿ ಹೊಡಿಸಬ್ಯಾಡ್ರಿ," ಎಂದು ಒಂದೇ ಉಸಿರಿಗೆ ಹೇಳಿದಳು.

ಮೇಜರ್ ಕೊಟ್ರಯ್ಯನ ಕಡೆ ನೋಡಿದ. ಕೊಟ್ರಯ್ಯ ಏನೋ ನಾಲ್ಕು ಮಾತು ಹೇಳಿದ.

ಹೊಳೆಮ್ಮ ಇಂಗ್ಲಿಷಿನ ಒಂದಕ್ಷರ ಅರಿಯಳು. ಆದರೆ ಮೂವತ್ತು ವರ್ಷ ಮುಖಗಳನ್ನೇ ಬರೆದವಳು. ಮಗಳು, ಕೂಸು, ಫಿರಂಗಿ ಎಂಬ ಮಾತು ಕಿವಿಗೆ ಬಿದ್ದ ಮನುಷ್ಯನ ಹುಬ್ಬು ಹೇಗೆ ಏಳಬೇಕು, ಬಾಯಿ ಹೇಗೆ ಬಿಗಿಯಬೇಕು ಎಂಬುದು ಅವಳಿಗೆ ಗೊತ್ತಿತ್ತು. ಮೇಜರನ ಹುಬ್ಬು ಏಳಲಿಲ್ಲ. ಅವನು ಸಣ್ಣಗೆ ನಕ್ಕು, ಅವಳಿಗೆ ಕುಡಿಯಲು ನೀರು ತೋರಿಸಿ, ಮೇಜಿನ ಕಡೆ ತಿರುಗಿಬಿಟ್ಟ.

"ಏನಂದಿ ಅವಂಗ?" ಎಂದಳು ಕೊಟ್ರಯ್ಯನಿಗೆ. ಬಹುವಚನ ಅವಳಿಗೆ ಗೊತ್ತಿಲ್ಲದೆಯೇ ಕಳಚಿಬಿದ್ದಿತ್ತು.

"ಬಿಸಲಿಗೆ ತಲಿ ತಿರುಗ್ತತಿ ಅಂತ..." ಅವನು ನೆಲ ನೋಡಿದ. "ಹೋಗು ಹೊಳೆಮ್ಮ, ಕುಂದ್ರು. ಏನೂ ಆಗಂಗಿಲ್ಲ."

ಗೋಡೆ ಗಡಿಯಾರದಲ್ಲಿ ಒಂದೂವರೆ. ಕರಡಿಕೊಳ್ಳಕ್ಕೆ ನಾಲ್ಕು ಹರದಾರಿ. ನಡೆದರೆ ಸಂಜೆಯಾಗುತ್ತದೆ, ದಾರಿಗೆ ಬೆಳಗಿನಿಂದಲೇ ಕಾವಲು ಹಾಕಿ ಬಸ್ಸು ಗಾಡಿ ಎಲ್ಲ ನಿಲ್ಲಿಸಿದ್ದರು. ಕೂಗಿಕೊಂಡರೆ ಬಿಸಿಲು ನೆತ್ತಿಗೇರಿದೆ ಎಂದು ಹೊರಗೆ ನೂಕುತ್ತಾರೆ. ಆಮೇಲೆ ಬಾಗಿಲೊಳಗೆ ಬಿಡುವವರಿಲ್ಲ. ಹೊಳೆಮ್ಮ ಗೋಡೆಗೆ ಹೋಗಿ ಕೂತಳು. ಕೈಗೆ ಏನಾದರೂ ಕೆಲಸ ಬೇಕೆಂದು ಬುಟ್ಟಿಯೊಳಗೆ ಕೈ ಹಾಕಿದಳು.

ಬುಟ್ಟಿಯ ತಳದಲ್ಲಿ ಕೊಸರು ಇತ್ತು.

ಅವಳ ಮನೆತನದಲ್ಲಿ ನೂರು ಗೊಂಬೆಗೆ ಎರಡು ಗೊಂಬೆ ಕೊಸರು ಕೊಡುವ ವಾಡಿಕೆ. ಮುರಿದರೆ ಇರಲಿ, ಕೊಂಡವನಿಗೆ ಖುಷಿಯಾಗಲಿ ಎಂದು. ಬಿಳುಪು ಮಾತ್ರ ಕೊಟ್ಟ, ಬಂದೂಕು ಅಂಟಿಸದ ಆರು ಗೊಂಬೆಗಳು ಬಟ್ಟೆಯಲ್ಲಿ ಸುತ್ತಿಕೊಂಡಿದ್ದವು. ಹೊಳೆಮ್ಮ ಒಂದನ್ನು ಎತ್ತಿ ನೋಡಿದಳು. ಗೋಡೆ ಕಡೆ ತಿರುಗಿ ಕೂತು, ಸಣ್ಣ ಚೂರಿಯಿಂದ ಟೋಪಿಯ ಅಂಚು ಕೆತ್ತಿ ಹಾಕಿದಳು. ಅಂಟಿನ ಹಿಟ್ಟಿನಿಂದ ಒಂದು ಕಾಳಿನಷ್ಟು ತುರುಬು ಮೆತ್ತಿದಳು. ಸೊಂಟದ ಬಗಲಿಗೆ ಇನ್ನೊಂದು ಕಾಳು. ಅದಕ್ಕೊಂದು ಸಾಸಿವೆಯಷ್ಟು ತಲೆ. ಕೆಂಪಿನಲ್ಲಿ ನಾಲ್ಕು ಗೆರೆ ಎಳೆದಾಗ ಸೀರೆಯಾಯಿತು. ತುರುಬಿಗೆ ಕರಿ. ಯಾವ ಸಿಪಾಯಿಗೂ ಕೊಡದ ಮೂಗನ್ನು ಅವಳಿಗೆ ಕೊಟ್ಟಳು.

ಎರಡು ಗಂಟೆ ಹೊಡೆಯಿತು. ಅಧಿಕಾರಿಗಳು ದಾಳದ ಸುತ್ತ ಏನೋ ವಾದಕ್ಕೆ ಬಿದ್ದಿದ್ದರು. ಹೊಳೆಮ್ಮ ಮುರಿದದ್ದನ್ನು ಸರಿಮಾಡಲು ಬರುವವಳ ಹಾಗೆ ಮೆಲ್ಲಗೆ ಬಂದು, ಕೊಳ್ಳದ ನಟ್ಟನಡುವೆ, ಸತ್ತು ಮಲಗಿದ ಕೆಂಪಿನವರ ನಡುವೆ, ಆ ಹೆಂಗಸನ್ನು ಮರಳಿನಲ್ಲಿ ಊರಿ ನಿಲ್ಲಿಸಿದಳು. ಬಗ್ಗಿ, ಉಸಿರು ಹಿಡಿದು ಎರಡು ಚುಕ್ಕೆ ಇಟ್ಟಳು. ಕಂಕುಳ ಕೂಸಿಗೂ ಎರಡು.

ಮೊದಲು ನೋಡಿದವನು ಕೊಟ್ರಯ್ಯ. ಅವನ ಕೈ ಚಕ್ಕನೆ ಚಾಚಿತು.

"ನೋ!" ಎಂದು ಕೆಂಗೂದಲಿನ ಹುಡುಗ ಕೂಗಿದ. ಬೆಳಗಿನ ಪೆಟ್ಟು ಅವನ ಮಣಿಕಟ್ಟಿನಲ್ಲಿ ಇನ್ನೂ ಉರಿಯುತ್ತಿತ್ತೋ ಏನೋ. ಕೊಟ್ರಯ್ಯನ ಕೈ ಗಾಳಿಯಲ್ಲೇ ನಿಂತಿತು. ಎಲ್ಲರೂ ತಿರುಗಿದರು. ಮೇಜರ್ ಕುಂಟುತ್ತ ಬಂದು ಬಗ್ಗಿ ನೋಡಿದ. ನಗಲೋ ಬೇಡವೋ ಎಂಬಂತೆ ಅವನ ತುಟಿ ಅರ್ಧಕ್ಕೆ ನಿಂತಿತು. ಏನಿದು ಎಂದು ಕೇಳಿದ.

ಕೊಟ್ರಯ್ಯ ಬಾಯಿ ತೆರೆಯುವ ಮೊದಲೇ ಹೊಳೆಮ್ಮ ಸಂತೆಯಲ್ಲಿ ಬಣ್ಣದ ವ್ಯಾಪಾರಕ್ಕೆ ಕಲಿತ ಮುರುಕು ಹಿಂದೂಸ್ತಾನಿಯನ್ನು ಒಟ್ಟುಮಾಡಿ ಹೇಳಿದಳು. "ಬೇಟಿ, ಸಾಬ್. ಮೇರಿ ಬೇಟಿ. ಇಧರ್ ಘರ್. ಸಾತ್ ಘರ್. ಬಚ್ಚಾ."

ಮೂಲೆಯಲ್ಲಿ ಟೆಲಿಫೋನಿನ ಪೆಟ್ಟಿಗೆ ಕಾಯುತ್ತ ಕೂತಿದ್ದ ಪಂಜಾಬಿ ಹವಾಲ್ದಾರ ದಡಕ್ಕನೆ ಎದ್ದು ನಿಂತ. ಅವಳನ್ನು ಎರಡು ಮಾತು ಕೇಳಿದ, ಅವಳು ಬೆರಳೆಣಿಸಿ ಹೇಳಿದಳು. ಅವನು ಮೇಜರನಿಗೆ ಹೇಳಿದ. ಈ ಸಲ ಮೇಜರನ ಹುಬ್ಬು ಎದ್ದಿತು.

ಅವನು ನಕ್ಷೆ ತರಿಸಿ ಹಾಸಿದ. ಕೊಳ್ಳದಲ್ಲಿ ಏನೂ ಇರಲಿಲ್ಲ. ಬರೀ ಬೆಟ್ಟದ ಗೆರೆಗಳು. ಬೆರಳಿಟ್ಟು ತೋರಿಸಿದ.

"ಆ ಕಾಗದ ನನ್ನ ಮಗಳಿಗಿಂತ ಮುದುಕಿ ಇರಬೇಕು," ಎಂದಳು ಹೊಳೆಮ್ಮ. ಸೊಂಟದ ಚೀಲದಿಂದ ಬೆರಳುದ್ದದ ಇದ್ದಿಲು ತೆಗೆದು ನಕ್ಷೆಯ ಮೇಲೆಯೇ ಇಟ್ಟಳು. ಒಬ್ಬ ಸಿಪಾಯಿಯ ಬೂಟು ತೋರಿಸಿದಳು, ಇದ್ದಿಲು ತೋರಿಸಿದಳು, ಕೊಳ್ಳ ತೋರಿಸಿದಳು. "ಶನಿವಾರ ತಂದೀನಿ. ನಿನ್ನ ಸಿಪಾಯಿ ಕಾಲಿನ ಕರಿ ಅಲ್ಲಿಂದ ಬಂದೈತಿ. ಯಾರೂ ಇಲ್ಲಂದ್ರ ಅದನ್ನ ಸುಟ್ಟವರ್ಯಾರು?"

ಇದನ್ನು ಹವಾಲ್ದಾರ ಹೇಳಲಾರ. ಅದು ಕನ್ನಡ. ಮೇಜರ್ ತಿರುಗಿ ಕೊಟ್ರಯ್ಯನ ಮುಖ ನೋಡಿದ. ಕೊಟ್ರಯ್ಯ ಒಮ್ಮೆ ಬಾಗಿಲು ನೋಡಿದ, ಒಮ್ಮೆ ಹೊಳೆಮ್ಮನನ್ನು ನೋಡಿದ, ಕೊನೆಗೆ ಮರಳಿನಲ್ಲಿ ಕೂಸು ಎತ್ತಿಕೊಂಡು ನಿಂತವಳನ್ನು ನೋಡಿದ. ಅವಳು ನೇರ ಅವನನ್ನೇ ನೋಡುತ್ತಿದ್ದಳು. ಹೊಳೆಮ್ಮ ಕಣ್ಣು ಕೊಟ್ಟಿದ್ದು ಆ ದಿಕ್ಕಿಗೇ. ಅವನು ತಲೆ ತಗ್ಗಿಸಿ, ಒಡೆದ ದನಿಯಲ್ಲಿ, ಅವಳು ಹೇಳಿದ್ದನ್ನು ಹೇಳಿದ. ಆಮೇಲೆ ಇನ್ನೂ ಏನೋ ಹೇಳಿದ. ಹೇಳುತ್ತ ಹೇಳುತ್ತ ಅವನ ಕೈ ಎರಡೂ ಜೋಡಿಕೊಂಡವು.

ಮೇಜರ್ ಟೆಲಿಫೋನಿನತ್ತ ತಿರುಗಿದ. ಹವಾಲ್ದಾರನ ಕಡೆ ಕೋಲು ಚಾಚಿದ.

ಹವಾಲ್ದಾರ ಟೆಲಿಫೋನಿನ ಹಿಡಿ ತಿರುವಿದ. ಗುರ್ ಗುರ್. ಮತ್ತೆ ತಿರುವಿದ. ತಂತಿಯನ್ನು ದಾರಿಯ ಬದಿಗೇ ಹಾಸಿಕೊಂಡು ಹೋಗಿದ್ದರು. ಎಲ್ಲೋ ದಂಡಿನದೇ ಲಾರಿಯ ಗಾಲಿ ಹತ್ತಿಳಿದು ಕಡಿದಿತ್ತು. ಆ ಕಡೆಯಿಂದ ಉಸಿರಿಲ್ಲ. ಗಂಟೆ ಎರಡು ಇಪ್ಪತ್ತಾಗಿತ್ತು. ಮೇಜರ್ ಚೀಟಿ ಗೀಚಿದ. ಕೆಂಗೂದಲಿನವನು ಅದನ್ನು ಹಲ್ಲಲ್ಲಿ ಕಚ್ಚಿಕೊಂಡೇ ಹೊರಗೋಡಿದ. ಮೋಟಾರು ಸೈಕಲ್ಲು ಎರಡು ಸಲ ಕೆಮ್ಮಿ, ಮೂರನೆಯ ಸಲ ಹತ್ತಿಕೊಂಡು, ಸಂಡೂರಿನ ದಾರಿಯ ಕೆಂಪು ಧೂಳಿನಲ್ಲಿ ಕರಗಿತು.

ಆಮೇಲೆ ಮಾಡುವುದು ಏನೂ ಉಳಿಯಲಿಲ್ಲ.

ಹೊಳೆಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತು ಗುಡ್ಡದ ಕಡೆ ನೋಡಿದಳು. ಬಿಸಿಲಿನ ಝಳಕ್ಕೆ ಗುಡ್ಡಗಳು ನೀರೊಳಗಿನ ಕಲ್ಲಿನಂತೆ ಅಲುಗುತ್ತಿದ್ದವು. ಮೇಜರ್ ದುರ್ಬೀನು ಹಿಡಿದು ಅಲ್ಲೇ ನಿಂತಿದ್ದ. ಹೊಗೆ ಕಾಣುತ್ತದೆಯೇ ಎಂದು ಅವನು ಹುಡುಕುತ್ತಿರಬೇಕು. ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗಾಳೆಪ್ಪನ ಭಟ್ಟಿ ಹೊಗೆ ಬಿಡುವ ಭಟ್ಟಿಯಲ್ಲ. ಅಷ್ಟು ಬಿಗಿಯಾಗಿ ಮೆತ್ತುವ ಕೈ ಅವನದು. ಅಳಿಯನ ಕೈಗುಣವನ್ನು ಅವಳು ಶಪಿಸಿದ್ದು ಅವತ್ತೊಂದೇ ದಿನ.

ಕೊಟ್ರಯ್ಯ ಬಂದು ಮೂರು ಮಾರು ದೂರದಲ್ಲಿ ಕೂತ.

"ನನಗೂ ಒಬ್ಬಾಕಿ ಮಗಳದಾಳ ಹೊಳೆಮ್ಮ," ಎಂದ.

"ಹಂಗಿದ್ರ ಬಾಯಿ ಮುಚ್ಚಿಕೊಂಡು ಕುಂದ್ರು."

ಅವನು ದಾರಿಯ ಕಡೆ ತಿರುಗಿ ಕೂತ.

ಒಳಗೆ ಗಡಿಯಾರ ಎರಡೂವರೆ ಹೊಡೆಯಿತು. ದಾರಿಯಲ್ಲಿ ಎರಡು ಹಳ್ಳ ದಾಟಬೇಕು, ಘಟ್ಟದಲ್ಲಿ ಒಂದು ತಿರುವಿನಲ್ಲಿ ಮರಳು ಬಿದ್ದಿದೆ. ಬಸ್ಸಿನಲ್ಲಿ ಹೋದಾಗ ತಾನು ಎಲ್ಲೆಲ್ಲಿ ಕಂಬಿ ಬಿಗಿಹಿಡಿಯುತ್ತಿದ್ದೆ ಎಂದು ನೆನೆಸಿಕೊಂಡು ಹೊಳೆಮ್ಮ ಮನಸ್ಸಿನಲ್ಲೇ ಆ ಹುಡುಗನನ್ನು ಮುಂದಕ್ಕೆ ನೂಕಿದಳು. ಈಗ ಹುಣಸೆ ಮರ. ಈಗ ಮೊದಲ ಹಳ್ಳ. ಈಗ ಕಲ್ಲುಮಂಟಪ. ಒಳಗಿನಿಂದ ಒಬ್ಬ ಅಧಿಕಾರಿ ಬಂದು ಮೇಜರನಿಗೆ ಗಂಟೆ ಹೇಳಿದ. ಮೇಜರ್ ದುರ್ಬೀನು ಇಳಿಸಲಿಲ್ಲ. ಎರಡೂ ಮುಕ್ಕಾಲು. ಈಗ ಎರಡನೆಯ ಹಳ್ಳ. ಈಗ ತಿರುವು...

ಧಮ್!

ಸದ್ದು ದೂರದಿಂದ, ನೆಲದೊಳಗಿಂದ ಬಂದಂತೆ ಬಂತು. ಜಗಲಿಯ ಮೇಲಿನ ಹಿತ್ತಾಳೆ ಚೊಂಬು ಝಣ್ ಎಂದಿತು. ಹೊಳೆಮ್ಮ ಎದ್ದು ನಿಂತಳು. ಕಂಬ ಹಿಡಿದಳು. ಮೇಜರ್ ದುರ್ಬೀನು ಬಿಸಾಕಿ ಒಳಗೆ ಹೋಗಿ ಗಡಿಯಾರ ನೋಡಿದ. ಮೂರಕ್ಕೆ ಐದು ನಿಮಿಷ ಇನ್ನೂ ಇತ್ತು.

"ಇನ್ನೂ ಮೂರಾಗಿಲ್ಲ," ಎಂದ ಕೊಟ್ರಯ್ಯ, ಅಳುವವನ ಹಾಗೆ. "ಇನ್ನೂ ಮೂರಾಗಿಲ್ಲಲ್ಲ!"

ಎರಡನೆಯ ಸದ್ದಿಗೆ ಎಲ್ಲರೂ ಕಿವಿಗೊಟ್ಟು ನಿಂತರು. ಕಾಗೆಯೊಂದು ಬೇವಿನ ಮರದಿಂದ ಎದ್ದು ಹೋಯಿತು. ಗಡಿಯಾರ ಮೂರು ಹೊಡೆಯಿತು. ಮೂರೂಕಾಲು ಆಯಿತು. ಮೂರೂವರೆ ಆಯಿತು. ಮತ್ತೆ ಸದ್ದು ಬರಲಿಲ್ಲ.

ಬರಲಿಲ್ಲ ಎಂದರೆ ಉಳಿದರೆಂದೇನೂ ಅಲ್ಲ. ಏಳು ಗುಡಿಸಲಿಗೆ ಒಂದು ಗುಂಡು ಸಾಕು. ಹೊಳೆಮ್ಮ ನೀರು ಮುಟ್ಟದೆ ದಾರಿಯನ್ನೇ ನೋಡುತ್ತ ಕೂತಳು. ಮೇಜರ್ ತಾನೇ ಒಂದು ಕುರ್ಚಿ ಎಳೆದುತಂದು ಅವಳ ಪಕ್ಕ ಹಾಕಿದ. ಅವಳು ಅದರ ಮೇಲೆ ಕೂರಲಿಲ್ಲ. ಸ್ವಲ್ಪ ಹೊತ್ತಿಗೆ ಅವನೂ ಕುಂಟುಗಾಲು ಚಾಚಿಕೊಂಡು ಜಗಲಿಯ ಅಂಚಿಗೆ ಕೂತ.

ಐದು ಗಂಟೆಗೆ ದಂಡಿನ ಲಾರಿ ಬಂತು. ಅದು ನಿಲ್ಲುವ ಮೊದಲೇ ಮೇಲಿನಿಂದ ಬೈಗುಳ ಕೇಳಿಸಿತು.

"ಯಾವ ಮೂಳ ಹೇಳಿದ್ದು ನಮ್ಮನ್ನ ಎಬ್ಬಸರಿ ಅಂತ! ಕುತ್ತಿಗಿ ಹಿಡಿದು ಎಳಕೊಂಡು ಬಂದಾರ! ಭಟ್ಟಿ ಬಾಯಿ ಬಿಟ್ಟು ಉರೀತತಿ ಅಲ್ಲಿ, ಯಾರಪ್ಪ ಕೊಡ್ತಾನ ಅದನ್ನ?"

ಆ ದನಿ ಕೇಳಿದ ಮೇಲೆಯೇ ಹೊಳೆಮ್ಮನ ಕಣ್ಣಲ್ಲಿ ನೀರು ಬಂದದ್ದು. ವಿರುಪಮ್ಮ ಮೈತುಂಬ ಇದ್ದಿಲ ಮಸಿ, ಕಂಕುಳಲ್ಲಿ ಕೂಸು ಹಿಡಿದು ಲಾರಿಯಿಂದ ಧುಮುಕಿದಳು. ಹಿಂದೆ ಗಾಳೆಪ್ಪ, ಆರು ಸಂಸಾರ, ಎರಡು ಮೇಕೆ. ಮೊದಲ ಗುಂಡು ಅಳತೆ ನೋಡಲು ಹಾರಿಸಿದ್ದಂತೆ. ಗುಡಿಸಲ ಮೇಲೆ ಹಾದು ಆಚೆ ಬೋರೆಗೆ ಬಿದ್ದು, ಗುಡಿಸಲ ಮೇಲೆಲ್ಲ ಕಲ್ಲು ಸುರಿದಿತ್ತು. ಎರಡನೆಯದಕ್ಕೆ ಫಿರಂಗಿಯ ಮೂತಿ ಇಳಿಸುತ್ತಿದ್ದಾಗ ಕೆಂಗೂದಲಿನವನು ಸೈಕಲ್ಲು ಸಮೇತ ಫಿರಂಗಿಯವರ ನಡುವೆ ಬಿದ್ದಿದ್ದ. ಅವನ ಮೊಣಕೈ ಎರಡೂ ಕಿತ್ತುಹೋಗಿದ್ದವು.

"ನೀನ ಏನವ್ವ ಹೇಳಿದಾಕಿ?" ವಿರುಪಮ್ಮ ತಾಯಿಯನ್ನು ಕಂಡು ನಿಂತಳು.

"ನಾನ. ಬೈಯೋದು ಮುಗಿದಿದ್ರ ಕೂಸನ್ನ ಇತ್ತ ಕೊಡು."

ಮೇಜರ್ ಅವರನ್ನೆಲ್ಲ ಒಳಗೆ ಕರೆಸಿ ಚಹಾ ಕೊಡಿಸಿದ. ನಕ್ಷೆಯ ಕೊಳ್ಳದೊಳಗೆ ತಾನೇ ಏಳು ಚೌಕ ಬರೆದ, ಹೊಳೆಮ್ಮ ಕೊಟ್ಟ ಅದೇ ಇದ್ದಿಲಿನಿಂದ. ಕೊಟ್ರಯ್ಯನಿಗೆ ಏನು ಶಿಕ್ಷೆಯಾಯಿತು ಎಂದು ಊರಲ್ಲಿ ಹತ್ತು ಬಗೆಯಾಗಿ ಆಡಿಕೊಂಡರು. ಹೊಳೆಮ್ಮ ಕಂಡದ್ದು ಇಷ್ಟೇ: ಮರುದಿನ ನಸುಕಿಗೆ ಅವನು ಗಾಳೆಪ್ಪನ ಜೊತೆ ಹೊಸ ಭಟ್ಟಿಗೆ ಕಟ್ಟಿಗೆ ಹೊರಲು ಲಾರಿ ಹತ್ತಿದ್ದ. ಗುಡ್ಡ ಹತ್ತಿ ಬಂದೆನೆಂದು ಬರೆದುಕೊಟ್ಟವನು ಕೊನೆಗೂ ಹತ್ತಿದ.

ಆ ಸಂಜೆ ಹೊರಡುವಾಗ ಹವಾಲ್ದಾರ ಮೇಜಿನ ಮೇಲಿನ ಹೆಂಗಸನ್ನು ತೋರಿಸಿ, ಬೇಕಾದರೆ ಒಯ್ಯಬಹುದು, ದೊರೆಯ ಅಪ್ಪಣೆಯಾಗಿದೆ ಎಂದ.

"ಬ್ಯಾಡ. ಕಣ್ಣು ಬಿಟ್ಟಿದ್ದು ಅಲ್ಲಿ. ಅದರ ಮನಿ ಅದು," ಎಂದಳು ಹೊಳೆಮ್ಮ.

ವಿರುಪಮ್ಮ ಮೇಜಿನ ಮೇಲೆ ಬಗ್ಗಿ, ಬಿದ್ದ ಸಿಪಾಯಿಗಳ ನಡುವೆ ಒಬ್ಬಳೇ ನಿಂತಿದ್ದ ತನ್ನನ್ನು ಬಹಳ ಹೊತ್ತು ನೋಡಿದಳು.

"ನಾ ಇಷ್ಟು ದಪ್ಪ ಅದೀನೇನವ್ವಾ?"

"ಅವಸರದಾಗ ಮಾಡೀನಿ," ಎಂದಳು ಹೊಳೆಮ್ಮ. "ಮೂಗು ನೋಡು."